ಮಳೆಗಾಲದಲ್ಲಿ ನಿಲ್ಲಿಸಿದ ಕಾರಿನ ಬ್ರೇಕ್ ಕಚ್ಚಿಕೊಂಡಿದ್ಯಾ? ನನ್ನ ಹಾಗೆ ಮೋಸ ಹೋಗಬೇಡಿ

ಹೇಳಿಕೊಳ್ಳೋಕೆ ನಾಚಿಕೆ. ಆದರೂ ಬರೆಯುತ್ತಿದ್ದೇನೆ.

ಜೂನ್‌ನಲ್ಲಿ ಮಡಿಕೇರಿ ಮಳೆಯಲ್ಲಿ ನೆನೆದು ಬಂದ ಆಲ್ಟೊವನ್ನು ಹಾಗೇ ಶೆಡ್ಡಿಗೆ ಹಾಕಿದೆ. ಹ್ಯಾಂಡ್ ಬ್ರೇಕ್ ಜಗ್ಗಿ ಎಳೆದು ಮೈಸೂರಿಗೆ ಮಗಳ ಮನೆಗೆ ಹೋದೆ. ಸೆಪ್ಟೆಂಬರ್‌ನಲ್ಲಿ ಕೊಡವರ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಬಂದು ನೋಡಿದರೆ ಹಿಂದಿನ ಚಕ್ರ ಎರಡೂ ಜಾಮ್. ಗೇರ್ ಹಾಕಿದರೆ ಕಾರು ಹಿಂದೆ ಕುಸಿದು ತಿಣುಕುತ್ತದೆ, ಅಷ್ಟೇ. ಚಕ್ರದ ಜೊತೆ ತಿರುಗುವ ಕಬ್ಬಿಣದ ಡ್ರಮ್ ತುಕ್ಕು ಹಿಡಿದು, ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಬ್ರೇಕ್ ಶೂ ಅದಕ್ಕೆ ಅಂಟಿತ್ತು. ಈ ತೇವದಲ್ಲಿ ಇದೇನು ಹೊಸದಲ್ಲ.

ಪೇಟೆಯ ಮೆಕ್ಯಾನಿಕ್ ಬಂದ. ಹ್ಯಾಂಡ್ ಬ್ರೇಕ್ ಇಳಿಸಿ, ಚಕ್ರ ಬಿಚ್ಚಿ, ಸುತ್ತಿಗೆಯಲ್ಲಿ ಡ್ರಮ್ ಸುತ್ತ ತಟ್ಟಿದ. ಅರ್ಧ ಗಂಟೆಗೆ ಟಪ್ ಅಂತ ಬಿಟ್ಟಿತು. ಒಳಗೆ ಸ್ಯಾಂಡ್ ಪೇಪರ್ ಉಜ್ಜಿದ್ದರೆ ಕೆಲಸ ಮುಗಿಯುತ್ತಿತ್ತು ಅಲ್ವಾ? ಇಲ್ಲ.

"ಡ್ರಮ್ ಎರಡೂ ಹೋಗಿವೆ ಸಾರ್. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ನಿಲ್ಲದಿದ್ದರೆ ನನ್ನನ್ನು ಕೇಳಬೇಡಿ."

ಘಾಟಿ ಅಂದ ಕೂಡಲೇ ನಾನು ಹೆದರಿದೆ. ಹೆದರುತ್ತೇನೆ ಅಂತ ಅವನಿಗೆ ಗೊತ್ತಿತ್ತು. ಹೊಸ ಡ್ರಮ್ ಎರಡು, ಶೂ ಸೆಟ್, ವೀಲ್ ಸಿಲಿಂಡರ್, ಕೂಲಿ ಸೇರಿ 9,200 ರೂಪಾಯಿ. ಬಿಲ್ ಅಂದರೆ ಕ್ಯಾಲೆಂಡರ್ ಹಾಳೆಯ ಹಿಂದೆ ಗೀಚಿದ ಚೀಟಿ. ಸುಮ್ನೆ ಕೊಟ್ಟುಬಿಟ್ಟೆ!

ಹತ್ತು ದಿನಕ್ಕೆ ಹಿಂದಿನ ಟೈರ್ ಪಂಕ್ಚರ್. ಚಕ್ರ ಬಿಚ್ಚಿದರೆ ಡ್ರಮ್ಮಿನ ಮೇಲೆ ಹಸಿರು ಪೇಂಟಿನ ಹನಿ. ಕಾಫಿ ಬೀಜದಷ್ಟು. ಹೋದ ವರ್ಷ ಗೇಟಿಗೆ ಪೇಂಟ್ ಹೊಡೆಯುವಾಗ ಪಕ್ಕದಲ್ಲೇ ಸ್ಟೆಪ್ನಿ ಬದಲಿಸಿದ್ದೆ, ಆಗ ಸಿಡಿದದ್ದು. ನನ್ನದೇ ಗೇಟಿನ ಬಣ್ಣ, ನನ್ನದೇ ಹಳೇ ಡ್ರಮ್. ಜ್ಯಾಕ್ ಪಕ್ಕ ಐದು ನಿಮಿಷ ಕೂತೇ ಇದ್ದೆ. ಕೆಲಸದ ಹುಡುಗ ನಗು ತಡೆದುಕೊಂಡ.

ಫೋನ್ ಮಾಡಿದೆ.

"ಅದು ಕಂಪನಿ ಮಾರ್ಕ್ ಸಾರ್, ಹೊಸದಕ್ಕೂ ಇರುತ್ತೆ."

ಕಂಪನಿಯವರು ನನ್ನ ಗೇಟಿನ ಪೇಂಟ್ ಬಳಿಯುತ್ತಾರಾ ಅಂದೆ.

"ಬಿಲ್ ಇದ್ರೆ ತನ್ನಿ, ನೋಡೋಣ."

ಬಿಲ್ ಕೊಡದವನೇ ಬಿಲ್ ಕೇಳುತ್ತಾನೆ! ಆಮೇಲೆ ಇನ್ನೊಂದು ಮಾತು: "ಒದ್ದೆ ಕಾರಿಗೆ ಹ್ಯಾಂಡ್ ಬ್ರೇಕ್ ಎಳೆದಿಟ್ಟವರು ನೀವೇ ಅಲ್ವಾ?" ಅದು ನಿಜ. ಅದಕ್ಕೇ ಜಾಸ್ತಿ ಉರಿಯಿತು.

ಮಳೆಗಾಲಕ್ಕೆ ಕಾರು ನಿಲ್ಲಿಸುವವರು ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಡ್ರಮ್ ಕಚ್ಚಿದ್ದರೆ ಬಿಚ್ಚುವಾಗ ಎದುರಿಗೇ ನಿಲ್ಲಿ. ಬದಲಾಯಿಸಿದೆ ಅಂದರೆ ಹಳೇ ಸಾಮಾನು ಡಿಕ್ಕಿಗೆ ಹಾಕಿಸಿಕೊಂಡ ಮೇಲೇ ದುಡ್ಡು ಕೊಡಿ.

ನನ್ನ ಹಳೇ ಶೂ ಕೇಳಿದೆ. ಗುಜರಿ ಗಾಡಿ ಬಂದಿತ್ತಂತೆ.