ಮೂರು ವರ್ಷದ ಪಿಕಪ್, ಎಂಟು ತಿಂಗಳ ನಡುಕ

ಖಾಲಿ ಗಾಡಿಯಲ್ಲಿ ಮದ್ದೂರಿಗೆ ಹೊರಟು 72 ಕಿಲೋಮೀಟರ್ ವೇಗ ಮುಟ್ಟಿದ ಕೂಡಲೇ ಸೀಟಿನ ಕೆಳಗಿನಿಂದ ಒಂದು ನಡುಕ ಏಳುತ್ತಿತ್ತು. 80ರವರೆಗೆ ಬೆಳೆಯುತ್ತಾ ಹೋಗುತ್ತಿತ್ತು. ಹೆದ್ದಾರಿಯಲ್ಲಿ ಸರಕು ವಾಹನಕ್ಕೆ 80ರ ಮಿತಿ ಇರುವುದರಿಂದ ನಾನು ದಿನವೂ ಓಡಿಸುವ ವೇಗ ಅದೇ. ನನಗೆ ಬೇಕಾದ ಕಡೆಯೇ ಗಾಡಿ ನಡುಗುತ್ತಿತ್ತು, ಬೇರೆಲ್ಲಾ ಕಡೆ ಸುಮ್ಮನಿರುತ್ತಿತ್ತು.

ಈ ಪಿಕಪ್ ಕೊಂಡು ಮೂರು ವರ್ಷ ತುಂಬಿತು, 1,31,000 ಕಿ.ಮೀ. ಓಡಿದೆ. ಅದರಲ್ಲಿ ಎಂಟು ತಿಂಗಳನ್ನು ಈ ನಡುಕದ ಜೊತೆ ಕಳೆದಿದ್ದೇನೆ. ಹಾಗಾಗಿ ಈ ವಿಮರ್ಶೆಯಲ್ಲಿ ಬಹುಪಾಲು ಅದೇ ಇರುತ್ತದೆ. ಎಂಜಿನ್ನಿನ ಶಕ್ತಿ, ಡೆಕ್ಕಿನ ಉದ್ದಗಲ ಎಲ್ಲ ಷೋರೂಮಿನ ಕರಪತ್ರದಲ್ಲಿ ಸಿಗುತ್ತದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಮುಂದೆ ಎಂಜಿನ್ ಇದ್ದು, ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರ ತಿರುಗುವ ಯಾವ ಪಿಕಪ್ಪಿಗೂ ನಾನು ಹೇಳುವ ಮಾತು ಅನ್ವಯಿಸುತ್ತದೆ.

ನನ್ನದು ಎಳನೀರು ವ್ಯಾಪಾರ. ವಾರಕ್ಕೆ ಐದು ದಿನ ಬೆಳಗಿನ ಜಾವ ಮೂರೂವರೆಗೆ ಬೆಂಗಳೂರಿನ ಶ್ರೀನಗರದ ಮನೆಯಿಂದ ಹೊರಡುತ್ತೇನೆ. ಮದ್ದೂರಿನ ಮಾರುಕಟ್ಟೆಯಲ್ಲಿ ಕಾಯಿ ತುಂಬಿಸಿಕೊಂಡು, ಒಂಬತ್ತರೊಳಗೆ ಬಸವನಗುಡಿ, ಜಯನಗರದ ತಳ್ಳುಗಾಡಿಯವರಿಗೆ ಇಳಿಸಬೇಕು. ತಡವಾದರೆ ಅವರ ಬೆಳಗಿನ ವ್ಯಾಪಾರ ಹೋಯಿತು. ವಾಕಿಂಗ್ ಮುಗಿಸಿದವರು ಕಾಯುತ್ತಾ ನಿಲ್ಲುವುದಿಲ್ಲ.

ಹೊರಡುವ ಮುನ್ನ ನನ್ನದೊಂದು ಕ್ರಮವಿದೆ. ಹಿಂದಿನ ದಿನದ ಪೇಪರನ್ನು ಒದ್ದೆ ಮಾಡಿ ಮುಂದಿನ ಗಾಜು ಒರೆಸುತ್ತೇನೆ. ಪೇಪರಿನಲ್ಲಿ ಒರೆಸಿದರೆ ಎದುರು ಗಾಡಿಯ ಬೆಳಕು ಗಾಜಿನ ಮೇಲೆ ಹರಡುವುದಿಲ್ಲ. ಆಮೇಲೆ ವೀಲ್ ಸ್ಪ್ಯಾನರ್ ಹಿಡಿದು ಸುತ್ತಲೂ ನಡೆದು ನಾಲ್ಕು ಟೈರಿಗೂ ಒಂದೊಂದು ಪೆಟ್ಟು ಕೊಡುತ್ತೇನೆ. ಗಾಳಿ ಸರಿಯಿದ್ದರೆ ಸ್ಪ್ಯಾನರ್ ಕೈಯಲ್ಲಿ ಪುಟಿಯುತ್ತದೆ, ಇಲ್ಲದಿದ್ದರೆ ಪೆಟ್ಟು ಅಲ್ಲೇ ಕೂತುಬಿಡುತ್ತದೆ. ಅಷ್ಟು ಹೊತ್ತಿಗೆ ಮನೆಯವಳು ಕಾಫಿಯ ಫ್ಲಾಸ್ಕ್ ತಂದು ಸೀಟಿನ ಮೇಲೆ ಇಡುತ್ತಾಳೆ. ಗೇರಿನ ಪಕ್ಕದ ಗೂಡಿನಲ್ಲಿ ಅರ್ಧ ನೀರಿನ ಬಾಟಲಿ ಇರುತ್ತದೆ.

ನಡುಕವನ್ನು ನನಗೆ ಕಣ್ಣಿಗೆ ತೋರಿಸಿದ್ದು ಆ ಬಾಟಲಿ. ಊರೊಳಗಿನ ಗುಂಡಿಗಳಲ್ಲಿ ನೀರು ಅತ್ತಿತ್ತ ತುಳುಕುತ್ತದೆ, ಅದು ಸಹಜ. ಕುಂಬಳಗೋಡು ದಾಟಿ ಹೆದ್ದಾರಿ ಹಿಡಿದು 72ಕ್ಕೆ ಬಂದಾಗ ಮಾತ್ರ ತುಳುಕಾಟ ನಿಂತು, ನೀರಿನ ಮೇಲೆ ಮೀನಿನ ಪೊರೆಯಂತೆ ಸಣ್ಣ ಸಣ್ಣ ಅಲೆಗಳು ಮೂಡುತ್ತಿದ್ದವು. ವೇಗ ಇಳಿಸಿದರೆ ಮಾಯ. ಅದೇ ಬಾಟಲಿ, ಅದೇ ರಸ್ತೆ, ವಾಪಸ್ಸು ಬರುವಾಗ ನೀರು ಹೆಚ್ಚುಕಡಿಮೆ ಶಾಂತವಾಗಿರುತ್ತಿತ್ತು. ಇದನ್ನು ನಾನು ದಿನಾ ನೋಡುತ್ತಿದ್ದೆ. ನೋಡಿಯೂ ಅದರ ಅರ್ಥ ಹಿಡಿಯಲಿಲ್ಲ, ಅದೇ ನನ್ನ ಸಂಕಟ.

ಮೊದಲು ಹೋಗಿದ್ದು ಎಲ್ಲರೂ ಹೋಗುವ ಜಾಗಕ್ಕೆ, ಟೈರ್ ಅಂಗಡಿಗೆ. ನಾಲ್ಕೂ ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡಿದರು. ಒಂದು ರಿಮ್ಮಿನ ಒಳಬದಿಯಲ್ಲಿ ಒಣಗಿದ ಕೆಸರು ಹಿಡಿ ತುಂಬ ಸಿಕ್ಕಿತು. ಅಷ್ಟು ಕೆಸರು ಸಾಕು ಚಕ್ರದ ತೂಕ ತಪ್ಪಿಸಲು. ಸ್ಟೇರಿಂಗಿನಲ್ಲಿದ್ದ ಸಣ್ಣ ಅದುರು ಅದರಿಂದ ಹೋಯಿತು, ಸೀಟಿನ ಕೆಳಗಿನದು ಹೋಗಲಿಲ್ಲ. ಎರಡನೆಯ ಅಂಗಡಿಯವರು ಅಲೈನ್‌ಮೆಂಟ್ ಮಾಡಿದರು. ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ, ಟೈರ್ ಒಂದು ಅಂಚಿನಲ್ಲಿ ಸವೆಯುತ್ತದೆ. ನಡುಕಕ್ಕೂ ಅದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಮೂರನೆಯವರು ಹಿಂದಿನ ಎರಡು ಟೈರ್ ಹಳತಾಗಿವೆ ಎಂದರು. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ: ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ವರ್ಷ. ನೋಡಿದರೆ ಅಷ್ಟೇನೂ ಹಳತಲ್ಲ. ಆದರೂ ನಡುಕದ ಬೇಸರಕ್ಕೆ ಹೊಸದು ಹಾಕಿಸಿದೆ. ಎಲ್ಲ ಸೇರಿ ಹದಿನೇಳು ಸಾವಿರ ರೂಪಾಯಿ ಹೋಯಿತು, ನಡುಕ ಇದ್ದಲ್ಲೇ ಇತ್ತು.

ಇನ್ನು ಅಧಿಕೃತ ಸರ್ವಿಸ್ ಕೇಂದ್ರ. ಅಲ್ಲಿ ಒಬ್ಬರು ಗಾಡಿಯನ್ನು ಸರ್ವಿಸ್ ರಸ್ತೆಯಲ್ಲಿ 50ರಲ್ಲಿ ಓಡಿಸಿ ಬಂದು, ‘ಏನೂ ಇಲ್ಲ ಸರ್, ಲೋಡ್ ಗಾಡಿ ಅಂದರೆ ಇಷ್ಟು ಇದ್ದೇ ಇರುತ್ತದೆ’ ಎಂದರು. 72ರಲ್ಲಿ ಬರುವ ನಡುಕವನ್ನು 50ರಲ್ಲಿ ಹುಡುಕಿದರೆ ಹೇಗೆ ಸಿಗಬೇಕು? ಆ ದಿನ ನನಗೆ ಗಾಡಿಯ ಮೇಲೂ ಸಿಟ್ಟು ಬಂತು. ಮಾರಿಬಿಡೋಣ ಎಂದು ಇಬ್ಬರ ಬಳಿ ಬೆಲೆಯನ್ನೂ ಕೇಳಿದೆ. ಆ ಹೊತ್ತಿಗೆ ಹಿಂದಿನ ದೀಪದ ಬಲ್ಬು ಎರಡು ಸಲ ಹೋಗಿತ್ತು, ನಂಬರ್ ಪ್ಲೇಟಿನ ಬೋಲ್ಟು ಸಡಿಲವಾಗಿತ್ತು, ಮದ್ದೂರು ತಲುಪಿ ಇಳಿದರೆ ಸೊಂಟದಿಂದ ಕೆಳಗೆ ಜುಮ್ಮೆನ್ನುತ್ತಿತ್ತು.

ಸಿಟ್ಟು ಇಳಿದ ಮೇಲೆ ನಾನೇ ಒಂದೊಂದಾಗಿ ಪರೀಕ್ಷೆ ಮಾಡಲು ಕೂತೆ. ನಿಮ್ಮ ಗಾಡಿಗೂ ಈ ಕಾಯಿಲೆ ಇದ್ದರೆ ದುಡ್ಡು ಬಿಚ್ಚುವ ಮೊದಲು ಇಷ್ಟನ್ನು ಮಾಡಿ ನೋಡಿ. ಖಾಲಿ ರಸ್ತೆಯಲ್ಲಿ 75ರ ವೇಗವನ್ನು ಐದನೇ ಗೇರಿನಲ್ಲಿ ಒಮ್ಮೆ, ನಾಲ್ಕನೇ ಗೇರಿನಲ್ಲಿ ಒಮ್ಮೆ ಹಿಡಿದೆ. ಎಂಜಿನ್ನಿನ ಸುತ್ತು ಬದಲಾದರೂ ನಡುಕ ಬದಲಾಗಲಿಲ್ಲ. ಕ್ಲಚ್ ಒತ್ತಿ ಕೆಲವು ಕ್ಷಣ ಹಾಗೆಯೇ ಬಿಟ್ಟೆ, ಆಗಲೂ ಇತ್ತು. ಅಲ್ಲಿಗೆ ಎಂಜಿನ್ ಮತ್ತು ಕ್ಲಚ್ ನಿರ್ದೋಷಿಗಳು. ಬ್ರೇಕ್ ಹಾಕಿದಾಗ ಹೆಚ್ಚಾಗಲಿಲ್ಲ, ಆದ್ದರಿಂದ ಡಿಸ್ಕ್, ಡ್ರಮ್ ಸೊಟ್ಟಗಿಲ್ಲ. ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿದೆ. ಟೈರಿನ ದೋಷವಾಗಿದ್ದರೆ ನಡುಕವೂ ಜಾಗ ಬದಲಿಸಿ ಸ್ಟೇರಿಂಗಿಗೆ ಬರಬೇಕಿತ್ತು, ಬರಲಿಲ್ಲ.

ಉಳಿದದ್ದು ನಡುಕದ ಸ್ವಭಾವ. ನನ್ನ ಗಾಡಿಯ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. 80 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 22 ಮೀಟರಿಗಿಂತ ತುಸು ಹೆಚ್ಚು. ಅಂದರೆ ಚಕ್ರ ಸೆಕೆಂಡಿಗೆ ಹತ್ತು ಸುತ್ತು ಬರುತ್ತದೆ. ಚಕ್ರದ ದೋಷವಾದರೆ ‘ದಡದಡ’ ಎಂದು ಪೆಟ್ಟು ಪೆಟ್ಟಾಗಿ ಕುಲುಕುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಚಕ್ರದ ನಾಲ್ಕು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ತಿರುಗುತ್ತದೆ, ಸೆಕೆಂಡಿಗೆ ನಲವತ್ತಕ್ಕೂ ಮೇಲೆ. ಅದರ ನಡುಕದಲ್ಲಿ ಪೆಟ್ಟುಗಳು ಬೇರೆ ಬೇರೆಯಾಗಿ ತಿಳಿಯುವುದಿಲ್ಲ. ತಂಬೂರಿ ಮೀಟಿ ಕೈಯಿಟ್ಟ ಹಾಗೆ ‘ಗುಂಯ್’ ಎನ್ನುತ್ತದೆ. ನನ್ನ ಸೀಟಿನ ಕೆಳಗೆ ಇದ್ದದ್ದು ತಂಬೂರಿ. ಎಂಟು ತಿಂಗಳು ನಾನು ದಡದಡಕ್ಕೆ ಔಷಧ ಮಾಡಿಸಿದ್ದೆ.

ಕಲಾಸಿಪಾಳ್ಯದ ಹಿಂದಿನ ಬೀದಿಯಲ್ಲಿ ಶಾಫ್ಟ್ ಕೆಲಸವನ್ನೇ ಮಾಡುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಭಾಯ್ ಎಂದೇ ಕರೆಯುತ್ತಾರೆ. ಶಿವರಾತ್ರಿ ಕಳೆದು ಎರಡು ದಿನಕ್ಕೆ ಅವರ ಬಳಿ ಹೋದೆ. ಇಡೀ ಕತೆಯನ್ನು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

‘ಅಣ್ಣಾ, ನಡುಗುವುದು ಖಾಲಿ ಇದ್ದಾಗಲೋ, ಲೋಡ್ ಇದ್ದಾಗಲೋ?’

ಎಂಟು ತಿಂಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಖಾಲಿ ಇದ್ದಾಗ ಎಂದೆ. ‘ಹಿಂದೆ ಪಟ್ಟಿ ಹೆಚ್ಚಿಗೆ ಹಾಕಿಸಿದ್ದೀರಾ?’ ಎಂದರು. ಹಾಕಿಸಿದ್ದೆ. ಹೋದ ವರ್ಷದ ಯುಗಾದಿಯ ಹೊತ್ತಿಗೆ, ಬೇಸಿಗೆಯ ಬೇಡಿಕೆ ಜೋರಾಗಿದ್ದಾಗ, 650ರ ಬದಲು 800 ಕಾಯಿ ತುಂಬಲು ಎರಡೂ ಬದಿಗೆ ಭಾರ ಹೊರುವ ಕಮಾನು ಪಟ್ಟಿ ಒಂದೊಂದು ಹೆಚ್ಚಿಗೆ ಸೇರಿಸಿದ್ದೆ. ನಡುಕ ಶುರುವಾದದ್ದು ಆಷಾಢದಲ್ಲಿ. ನಡುವೆ ಮೂರು ತಿಂಗಳ ಅಂತರವಿದ್ದುದರಿಂದ ಒಂದಕ್ಕೊಂದು ತಳಕು ಹಾಕಲು ನನಗೆ ಹೊಳೆದಿರಲಿಲ್ಲ.

ಭಾಯ್ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿದರು. ನನ್ನನ್ನೂ ಕರೆದರು. ಶಾಫ್ಟಿನ ಹಿಂತುದಿಯ ಮೇಲೆ ಆಯಸ್ಕಾಂತದಿಂದ ಅಂಟಿಕೊಳ್ಳುವ ಪುಟ್ಟ ಕೋನಮಾಪಕ ಇಟ್ಟರು. ಮುಳ್ಳು ಏಳು ಡಿಗ್ರಿ ತೋರಿಸಿತು. ಆಮೇಲೆ ಅಂಗಡಿಯ ಹುಡುಗರನ್ನೂ ಪಕ್ಕದ ಅಂಗಡಿಯವರನ್ನೂ ಸೇರಿಸಿ ಎಂಟು ಜನರನ್ನು ಡೆಕ್ಕಿನ ಮೇಲೆ ಹತ್ತಿಸಿದರು. ನನ್ನ ಕಣ್ಣೆದುರೇ ಮುಳ್ಳು ಐದರ ಹತ್ತಿರಕ್ಕೆ ಇಳಿಯಿತು. ಹೆಚ್ಚಿಗೆ ಪಟ್ಟಿ ಹಾಕಿದಾಗ ಗಾಡಿಯ ಹಿಂಭಾಗ ಎತ್ತರವಾಗಿ ಶಾಫ್ಟ್ ಕಡಿದಾಗಿ ಇಳಿಯುತ್ತದೆ. ಶಾಫ್ಟ್ ಓರೆಯಾಗಿಯೂ ತಿರುಗುವಂತೆ ಕೊಂಡಿಯ ಜಾಗದಲ್ಲಿ ಕೂರಿಸಿದ ನಾಲ್ಕು ಕಾಲಿನ ಉಕ್ಕಿನ ತುಂಡೇ ಕ್ರಾಸ್. ಅದು ಓರೆಯಾದಷ್ಟೂ ಶಾಫ್ಟಿನ ವೇಗ ಒಂದೇ ಸಮನಾಗಿ ಇರುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಹೆಚ್ಚಿ ಎರಡು ಸಲ ತಗ್ಗುತ್ತದೆ. ಭಾರ ಬಿದ್ದಾಗ ಕೋನ ತಗ್ಗಿ ನಡುಕ ಅಡಗುತ್ತಿತ್ತು. ನನ್ನ ಬಾಟಲಿಯ ನೀರು ದಿನಾ ಹೇಳುತ್ತಿದ್ದದ್ದು ಇದನ್ನೇ.

ಪಟ್ಟಿಯೊಂದೇ ಆಗಿದ್ದರೆ ಇಷ್ಟು ಜೋರಾಗಿ ನಡುಗುತ್ತಿರಲಿಲ್ಲ ಎಂದು ಹೇಳಿ, ಭಾಯ್ ಹಿಂದಿನ ಕ್ರಾಸಿನ ಮೇಲೆ ಟಾರ್ಚು ಬಿಟ್ಟರು. ಅದರ ಕಾಲುಗಳ ನಾಲ್ಕು ಟೋಪಿಗಳಲ್ಲಿ ಎರಡರ ಅಂಚಿನಲ್ಲಿ ಕುಂಕುಮದಂಥ ಕೆಂಪು ಪುಡಿ ಅಂಟಿತ್ತು. ಒಳಗಿನ ಸೂಜಿ ಬೇರಿಂಗುಗಳು ಗ್ರೀಸ್ ಇಲ್ಲದೆ ತುಕ್ಕು ಹಿಡಿದು ಅರೆದು ಹೊರಬಂದ ಪುಡಿ. ಶಾಫ್ಟನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿದರೆ ‘ಟಕ್’ ಎನ್ನುತ್ತಿತ್ತು. ರಿವರ್ಸ್‌ನಿಂದ ಮೊದಲನೇ ಗೇರಿಗೆ ಹಾಕುವಾಗ ಅದೇ ಸದ್ದನ್ನು ನಾನು ತಿಂಗಳುಗಟ್ಟಲೆ ಕೇಳಿದ್ದೆ. ಕ್ರಾಸಿನ ನಡುವೆ ಗ್ರೀಸ್ ತುಂಬುವ ನಿಪ್ಪಲ್ ಇದೆ. ಅದರ ತಲೆಯ ಮೇಲೆ ಕೆಸರು ಒಣಗಿ ಕಲ್ಲಾಗಿ ಕೂತಿತ್ತು. ಭಾಯ್ ಸ್ಕ್ರೂಡ್ರೈವರಿನ ತುದಿಯಿಂದ ಕೆತ್ತಿದರೆ ಪದರ ಪದರವಾಗಿ ಉದುರಿತು. ಗ್ರೀಸ್ ಗನ್ನು ಆ ನಿಪ್ಪಲನ್ನು ಮುಟ್ಟಿ ಎರಡು ಮಳೆಗಾಲವಾದರೂ ಆಗಿರಬೇಕು.

ಮನೆಗೆ ಬಂದು ಸರ್ವಿಸ್ ಬಿಲ್ಲುಗಳನ್ನು ತೆಗೆದು ನೋಡಿದೆ. ಕೊನೆಯ ಮೂರು ಬಿಲ್ಲಿನಲ್ಲೂ ‘ಗ್ರೀಸಿಂಗ್’ ಎಂಬ ಸಾಲು ಇದೆ, ಎದುರಿಗೆ ಮೊತ್ತವೂ ಇದೆ. ನನಗೆ ನೋವಾದದ್ದು ಆ ಮೊತ್ತಕ್ಕಲ್ಲ. ಆ ಶಾಫ್ಟ್ ಕಳಚಿ ಹೆದ್ದಾರಿಗೆ ಬಿದ್ದಿದ್ದರೆ ಹಿಂದೆ ಬರುವವರ ಗತಿ ಏನಾಗುತ್ತಿತ್ತು? ಈ ಮಾತನ್ನು ಬಿಲ್ಲುಗಳ ಸಮೇತ ಅಲ್ಲಿಯ ಮ್ಯಾನೇಜರಿಗೆ ಹೇಳಿ ಬಂದಿದ್ದೇನೆ. ಅಲ್ಲಿಗೆ ಮತ್ತೆ ಗಾಡಿ ಬಿಟ್ಟಿಲ್ಲ.

ರಿಪೇರಿ ಅರ್ಧ ದಿನದ ಕೆಲಸ. ಬಿಚ್ಚುವ ಮೊದಲು ಭಾಯ್ ಶಾಫ್ಟಿನ ಪ್ರತಿ ಜೋಡಣೆಯ ಮೇಲೂ ಎರಡೂ ಬದಿಗೆ ಸೇರುವಂತೆ ಬಿಳಿ ಬಣ್ಣದ ಗೆರೆ ಎಳೆದರು. ಎರಡು ತುಂಡಿನ ಶಾಫ್ಟನ್ನು ಬಿಚ್ಚಿದ ಸ್ಥಾನದಲ್ಲೇ ಸೇರಿಸಬೇಕು. ಒಂದು ಹಲ್ಲು ತಪ್ಪಿ ಕೂತರೂ ಎರಡು ಕ್ರಾಸುಗಳ ಏರಿಳಿತ ಒಂದನ್ನೊಂದು ಕಳೆಯದೆ ಹೊಸ ನಡುಕ ಶುರುವಾಗುತ್ತದೆ. ನಿಮ್ಮ ಗಾಡಿಗೆ ಶಾಫ್ಟ್ ಬಿಚ್ಚಿ ಕ್ಲಚ್ ಕೆಲಸ ಮಾಡಿಸಿದ ಮೇಲೆ ನಡುಕ ಬಂದಿದ್ದರೆ ಮೊದಲು ಇದನ್ನು ಅನುಮಾನಿಸಿ. ಹಳೆಯ ಕ್ರಾಸನ್ನು ನನ್ನ ಅಂಗೈಗೆ ಕೊಟ್ಟರು. ನುಣುಪಾಗಿರಬೇಕಾದ ಮೈಯಲ್ಲಿ ಸೂಜಿಗಳು ಕೊರೆದ ಗೀರುಗಳು ಉಗುರಿಗೆ ಸಿಕ್ಕುತ್ತಿದ್ದವು. ಎರಡು ಹೊಸ ಕ್ರಾಸ್, ಕೂಲಿ, ಹೆಚ್ಚಿನ ಪಟ್ಟಿ ತೆಗೆಸಿದ್ದು ಸೇರಿ 3,300 ರೂಪಾಯಿ.

ಮರುದಿನ ಬೆಳಗಿನ ಜಾವ ಬಿಡದಿ ದಾಟುವಾಗ ಮುಳ್ಳು 80ರಲ್ಲಿತ್ತು. ಬಾಟಲಿಯ ನೀರು ಎಣ್ಣೆಯ ಹಾಗೆ ನಿಂತಿತ್ತು. ಗಾಜು ಇಳಿಸಿದೆ. ಚಕ್ರ ರಸ್ತೆಯನ್ನು ಉಜ್ಜುವ ಸದ್ದು, ಗಾಳಿಯ ಸದ್ದು, ಬೇರೇನೂ ಇಲ್ಲ. ನಿಡಘಟ್ಟದ ಹತ್ತಿರ ಬದಿಗೆ ನಿಲ್ಲಿಸಿ ಕಾಫಿ ಕುಡಿದೆ. ಮಾರಲು ಹೊರಟಿದ್ದ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ.

ಉಳಿದ ವಿಷಯಗಳು ಬೇಗ ಮುಗಿಯುತ್ತವೆ. ಹೋಗಿ ಬರುವ ಲೆಕ್ಕದಲ್ಲಿ ಲೀಟರಿಗೆ 13 ಕಿಲೋಮೀಟರ್ ಕೊಡುತ್ತದೆ, ನನ್ನ ದುಡಿಮೆಗೆ ಸಾಕು. ಡೆಕ್ ತಗ್ಗಾಗಿರುವುದರಿಂದ ಗೊನೆ ಎತ್ತುವವರಿಗೆ ಸೊಂಟ ನೋಯುವುದಿಲ್ಲ, ಅವರೇ ಹೇಳಿದ ಮಾತು. ಹೆಡ್‌ಲೈಟ್ ಮಂದ. ಎಡ ಬಾಗಿಲಿನ ರಬ್ಬರಿನಿಂದ ಜೋರು ಮಳೆಗೆ ನೀರು ಜಿನುಗುತ್ತದೆ, ಎರಡು ಸಲ ಬದಲಿಸಿದರೂ ನಿಂತಿಲ್ಲ. ಇಷ್ಟಾದರೂ ನಾಳೆ ಇನ್ನೊಂದು ಪಿಕಪ್ ಕೊಳ್ಳಬೇಕಾಗಿ ಬಂದರೆ ಇದನ್ನೇ ಕೊಳ್ಳುತ್ತೇನೆ.

800 ಕಾಯಿ ತುಂಬುವುದನ್ನು ಬಿಟ್ಟಿದ್ದೇನೆ. ಒಂದು ಕಾಯಿ ಒಂದೂಮುಕ್ಕಾಲು ಕಿಲೋ ತೂಗಿದರೂ 800ಕ್ಕೆ 1,400 ಕಿಲೋ ಆಗುತ್ತದೆ, ಗಾಡಿಯ ಮಿತಿಗಿಂತ ಹೆಚ್ಚು. ಈಗ 650ಕ್ಕೆ ನಿಲ್ಲಿಸುತ್ತೇನೆ. ಬೇಸಿಗೆಯಲ್ಲಿ ವಾರಕ್ಕೊಂದು ದಿನ ಹೆಚ್ಚಿಗೆ ಹೋಗುತ್ತೇನೆ. ಸೀಟಿನ ಹಿಂದೆ ನನ್ನದೇ ಒಂದು ಗ್ರೀಸ್ ಗನ್ ಇದೆ. ತಿಂಗಳಿಗೊಂದು ಭಾನುವಾರ ಗೋಣಿಚೀಲ ಹಾಸಿ ಕೆಳಗೆ ಮಲಗುತ್ತೇನೆ. ನಿಪ್ಪಲನ್ನು ಬಟ್ಟೆಯಿಂದ ಒರೆಸಿ, ಗನ್ ಕಚ್ಚಿಸಿ ನಿಧಾನವಾಗಿ ಒತ್ತುತ್ತೇನೆ. ಮೊದಲು ಕಪ್ಪು ಗ್ರೀಸ್ ಹೊರಬರುತ್ತದೆ. ನಾಲ್ಕೂ ಟೋಪಿಯ ಅಂಚಿನಲ್ಲಿ ಹೊಸ ಗ್ರೀಸ್ ಇಣುಕಿದ ಮೇಲೆ ನಿಲ್ಲಿಸಿ, ಹೆಚ್ಚಾದದ್ದನ್ನು ಒರೆಸಿ, ಗಾಡಿಯ ಬಾಗಿಲಿನ ಒಳಗೆ ಅಂಟಿಸಿದ ಚೀಟಿಯ ಮೇಲೆ ತಾರೀಖು ಬರೆಯುತ್ತೇನೆ.