ಚೈನಾಟೌನ್ ಹಬ್ಬದ ಸಂತೆ: ಏನು ಕೊಳ್ಳಬೇಕು, ಏನು ಬೇಡ

ಚೀನೀ ಹೊಸ ವರ್ಷಕ್ಕೆ ಮುಂಚೆ ಸಿಂಗಾಪುರದ ಚೈನಾಟೌನ್‌ನಲ್ಲಿ ಹಬ್ಬದ ಸಂತೆ ಕೂಡುತ್ತದೆ. ದೀಪ ನೋಡಬೇಕೆಂದು ಎಲ್ಲರೂ ಸಂಜೆಯೇ ಹೋಗುತ್ತಾರೆ. ಕೊಳ್ಳುವವರಿಗೆ ಅದು ಸರಿಯಾದ ಹೊತ್ತಲ್ಲ, ಕಾಲಿಡಲೂ ಜಾಗ ಇರುವುದಿಲ್ಲ. ಕೆಲಸದ ದಿನ ಬೆಳಗ್ಗೆ ಹೋಗಿ. ನಾನು ಪಕ್ಕದ ಮನೆಯ ಚೀನೀ ಆಂಟಿ ಜೊತೆ ಹೋಗುತ್ತೇನೆ. ಚೌಕಾಸಿ ಅವರದು, ಚೀಲ ನನ್ನದು.

ಮೊದಲು ಎರಡು ಸಾಲಿನ ಶುಭ ಪದ್ಯ ಬರೆದು ಬಾಗಿಲಿಗೆ ಅಂಟಿಸುವ ಕೆಂಪು ಕಾಗದ. ಅಚ್ಚು ಹಾಕಿದ್ದು ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡಿ. ಕುಂಚದಲ್ಲಿ ಬರೆದುಕೊಡುವ ಅಜ್ಜ ಕಂಡರೆ ಅಲ್ಲೇ ನಿಲ್ಲಿ. ಕಾಗದ ಮಡಿಸಿ ಗೆರೆ ಮೂಡಿಸಿಕೊಳ್ಳುತ್ತಾರೆ, ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ. ಒಂದು ಅಕ್ಷರ ಮುಗಿದ ಕೂಡಲೇ ಎದುರಿಗೆ ನಿಂತವರು ಕಾಗದವನ್ನು ಮೆಲ್ಲಗೆ ಎಳೆದುಕೊಳ್ಳಬೇಕು. ಆ ಕೆಲಸ ನನ್ನ ಪಾಲಿಗೇ ಬಂತು! ಶಾಯಿ ದಪ್ಪ, ಒಣಗುವವರೆಗೆ ಸುತ್ತಬೇಡಿ. ಬಾಗಿಲಿಗೆ ಮುಖ ಮಾಡಿ ನಿಂತರೆ ಬಲಗಡೆ ಮೊದಲ ಸಾಲು, ಎಡಗಡೆ ಎರಡನೆಯದು. ಮೇಲೆ ಅಡ್ಡಕ್ಕೆ ಇನ್ನೊಂದು ಚಿಕ್ಕ ಪಟ್ಟಿ.

ಆಮೇಲೆ ನಿಯನ್ ಗಾವ್. ಅಂಟು ಅಕ್ಕಿಹಿಟ್ಟು, ಸಕ್ಕರೆ, ನೀರು, ಅಷ್ಟೇ. ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ. ಬಾಳೆಎಲೆಯಲ್ಲಿ ಕಟ್ಟಿದ್ದನ್ನೇ ಆರಿಸಿ, ಘಮವೇ ಬೇರೆ. ಬಣ್ಣ ನೋಡಿದರೆ ಬೆಲ್ಲ ಜಾಸ್ತಿಯಾದ ಹಾಲುಬಾಯಿ ಅನ್ನಬೇಕು. ಇದಕ್ಕೊಂದು ಕೆಲಸವಿದೆ. ಚೀನೀ ಪಂಚಾಂಗದ ಹನ್ನೆರಡನೇ ತಿಂಗಳ 23 ಅಥವಾ 24ಕ್ಕೆ ಅಡುಗೆಮನೆ ದೇವರು ಮೇಲಕ್ಕೆ ಹೋಗಿ ಸ್ವರ್ಗದ ಒಡೆಯ ಜೇಡ್ ಚಕ್ರವರ್ತಿಗೆ ಮನೆಯವರ ವರ್ಷದ ಲೆಕ್ಕ ಒಪ್ಪಿಸುತ್ತಾನಂತೆ. ಬಾಯಿಗೆ ಅಂಟು ಸಿಹಿ ಬಿದ್ದರೆ ಒಳ್ಳೆಯದನ್ನೇ ಹೇಳಬೇಕು, ಇಲ್ಲವೇ ಬಾಯಿ ಬಿಡಲಾಗಬಾರದು. ಒಳ್ಳೆ ಲಂಚ, ಅಲ್ವಾ? ಉಳಿದದ್ದು ಕಲ್ಲಾಗುತ್ತದೆ. ಹೆದರಬೇಡಿ. ತೆಳ್ಳಗೆ ಕೊಯ್ದು, ಎರಡು ಗೆಣಸಿನ ಹೋಳುಗಳ ನಡುವೆ ಇಟ್ಟು, ಹಿಟ್ಟಿನಲ್ಲಿ ಅದ್ದಿ ಕರಿಯಿರಿ. ಬಿಸಿಯಿದ್ದಾಗ ಒಳಗೆ ನೂಲಿನಂತೆ ಎಳೆಯುತ್ತದೆ. ಸಸ್ಯಾಹಾರಿಗಳಿಗೆ ಇಡೀ ಸಂತೆಯಲ್ಲಿ ಇದೇ ಅತ್ಯುತ್ತಮ. ಬಕ್ ಕ್ವಾ ಅಂಗಡಿಗಳ ಮುಂದಿನ ಸಾಲು ನನಗಲ್ಲ, ಅದು ಹಂದಿಮಾಂಸ. ಹಬ್ಬ ಹತ್ತಿರವಾದಷ್ಟೂ ಅದರ ಬೆಲೆ ಏರುತ್ತದೆ ಎಂದು ಆಂಟಿ ಪ್ರತಿ ವರ್ಷ ಗೊಣಗುತ್ತಾರೆ, ಪ್ರತಿ ವರ್ಷ ಸಾಲಲ್ಲಿ ನಿಲ್ಲುತ್ತಾರೆ.

ಒಂದು ದೂರು. ಸಕ್ಕರೆ ಹಾಕಿದ ಕಮಲದ ಬೀಜ, ಕಲ್ಲಂಗಡಿ ಬೀಜ ಮಾರುವ ಒಂದು ಕಡೆ ಬೆಲೆ ದೊಡ್ಡದಾಗಿ, ‘100 ಗ್ರಾಂಗೆ’ ಎಂಬುದು ಇರುವೆ ಸಾಲಿನಷ್ಟು ಚಿಕ್ಕದಾಗಿ ಬರೆದಿತ್ತು. ರುಚಿ ನೋಡಿ ಎಂದು ಕೈಗೆ ಕೊಟ್ಟು, ನಾವು ಹೂಂ ಅನ್ನುವ ಮೊದಲೇ ಚೀಲ ತುಂಬಿಬಿಟ್ಟರು. ಆಂಟಿ ಜೋರು ಮಾಡಿದ ಮೇಲೆ ಅರ್ಧ ವಾಪಸ್ ಸುರಿದರು. ತೂಕಕ್ಕೆ ಹಾಕುವ ಮೊದಲು ಎಷ್ಟು ಬೇಕೆಂದು ಹೇಳಿಬಿಡಿ.

ಹಣ ಕೊಡುವ ಕೆಂಪು ಲಕೋಟೆ ಕೊಳ್ಳಬೇಡಿ, ಬ್ಯಾಂಕಿನವರು ಗ್ರಾಹಕರಿಗೆ ಸುಮ್ನೆ ಕೊಡುತ್ತಾರೆ. ಕಿತ್ತಳೆ ಮನೆ ಹತ್ತಿರವೇ ಸಿಗುತ್ತದೆ. ಹಬ್ಬಕ್ಕೆ ಯಾರ ಮನೆಗೆ ಹೋದರೂ ಜೋಡಿಯಾಗಿ ಕೊಡಬೇಕು ಎಂಬುದು ನೆನಪಿರಲಿ, ಆ ಮನೆಯವರೂ ಜೋಡಿ ವಾಪಸ್ ಕೊಡುತ್ತಾರೆ. ಹಬ್ಬದ ಹಿಂದಿನ ರಾತ್ರಿ ಅಂಗಡಿಯವರು ಕೂಗಿ ಕೂಗಿ ಬೆಲೆ ಇಳಿಸುತ್ತಾರೆ. ಆದರೆ ಆಂಟಿ ಬರಲ್ಲ. ಆ ಹೊತ್ತಿಗೆ ಮನೆ ಗುಡಿಸಿ, ಅಲಂಕಾರ ಮುಗಿಸಿ, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿರಬೇಕಂತೆ.

ಚೈನಾಟೌನ್ ಎಂಆರ್‌ಟಿ (ಮೆಟ್ರೋ) ನಿಲ್ದಾಣದಲ್ಲಿ ಇಳಿದು ಎಕ್ಸಿಟ್ ಎ ಹಿಡಿದರೆ ನೇರ ಪಗೋಡಾ ಸ್ಟ್ರೀಟ್. ಬೀದಿಯ ಆ ತುದಿಗೆ ಮಾರಿಯಮ್ಮನ್ ದೇವಸ್ಥಾನವಿದೆ, ಜೊತೆಯವರು ತಪ್ಪಿಸಿಕೊಂಡರೆ ಅಲ್ಲೇ ಸೇರಿ.