ಇಂಗ್ಲಿಷ್ ತರಗತಿಯ ಜೊತೆಗಾರ್ತಿ ಮನೆ ಬಾಡಿಗೆ ಎಷ್ಟೆಂದು ಕೇಳಿದರೆ

ಮುಂಬೈ ಸುತ್ತಮುತ್ತಲಿನ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಕನ್ನಡಿಗರು, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಲು ಹೊರಟಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಸಂಭಾಷಣೆ ಅಭ್ಯಾಸದ ಹೆಸರಿನಲ್ಲಿ ನಮ್ಮ ಸಂಸಾರದ ಒಳಸುದ್ದಿ ಕೆದಕಿ, ಕೊನೆಗೆ ಸರಪಳಿ ವ್ಯಾಪಾರಕ್ಕೆ ಎಳೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ತರಗತಿಯ ಹೆಸರನ್ನು ಬರೆಯುವುದಿಲ್ಲ. ಈ ಉಪಾಯ ಯಾವ ತರಗತಿಯಲ್ಲಿ ಬೇಕಾದರೂ ನಡೆಯಬಹುದು.

ನಾನು ಸಾರಿಗೆ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವಳು. ಸಂಜೆಯ ಬ್ಯಾಚಿನಲ್ಲಿ ಹೋಟೆಲ್ ಕೆಲಸದ ಹುಡುಗರು, ಅಂಗಡಿ ಸಹಾಯಕಿಯರು, ಮಕ್ಕಳ ಶಾಲೆಯಲ್ಲಿ ಶಿಕ್ಷಕರ ಜೊತೆ ಮಾತನಾಡಲು ಕಲಿಯಬೇಕೆಂದಿದ್ದ ಗೃಹಿಣಿಯರು ಇದ್ದರು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಅಚ್ಚು ಹಾಕಿದ ಹಾಳೆ ಕೊಟ್ಟು ಮಾತನಾಡಿಸುತ್ತಿದ್ದರು. ಜೋಡಿ ಪದ್ಧತಿಯಲ್ಲಿ ದೋಷವಿಲ್ಲ. ನಲವತ್ತು ಜನರ ಕೋಣೆಯಲ್ಲಿ ಒಬ್ಬೊಬ್ಬರೇ ಎದ್ದು ನಿಂತು ಮಾತನಾಡಿದರೆ ಗಂಟೆಯಲ್ಲಿ ತಲಾ ಒಂದೂವರೆ ನಿಮಿಷ ಸಿಗುತ್ತದೆ. ಜೋಡಿಯಾಗಿ ಕೂತರೆ ಅರ್ಧ ಗಂಟೆ ಸಿಗುತ್ತದೆ. ಯಾರು ಯಾರ ಜೋಡಿ ಎಂಬುದನ್ನು ಮಾತ್ರ ಪಾಠ ಹೇಳುವವರ ಬದಲು ಹೊರಗಿನ ಕಚೇರಿ ಮೇಜಿನವರು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು.

ನನಗೆ ಸಿಕ್ಕ ಜೊತೆಗಾರ್ತಿ ಕನ್ನಡದವಳೇ. ಮೊದಲ ದಿನದಿಂದಲೇ ಅಕ್ಕ ಎಂದು ಕರೆದಳು. ಅವಳ ಇಂಗ್ಲಿಷ್ ನಮ್ಮೆಲ್ಲರಿಗಿಂತ ಎಷ್ಟೋ ಚೆನ್ನಾಗಿತ್ತು. ಇಷ್ಟು ಬಲ್ಲವಳು ಆರಂಭದ ತರಗತಿಯಲ್ಲಿ ಏಕೆ ಕೂತಿದ್ದಾಳೆ ಎಂಬ ಪ್ರಶ್ನೆ ನಿಮಗೂ ಎಲ್ಲಿಯಾದರೂ ಬಂದರೆ ಅದನ್ನು ತಳ್ಳಿಹಾಕಬೇಡಿ.

ಹಾಳೆಯಲ್ಲಿ ‘ವೇರ್ ಡು ಯು ಲಿವ್’ ಎಂದಿತ್ತು. ನಾನು ಡೊಂಬಿವಲಿ ಎಂದೆ. ಅವಳು ಹಾಳೆ ಮಡಚಿಟ್ಟು ಸ್ವಂತ ಮನೆಯೇ, ಬಾಡಿಗೆಯದೇ, ಬಾಡಿಗೆ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಯಜಮಾನರು ಎಲ್ಲಿದ್ದಾರೆ, ಮಸ್ಕತ್‌ನಿಂದ ಹಣ ಯಾವ ಬ್ಯಾಂಕಿಗೆ ಬರುತ್ತದೆ ಎಂಬಲ್ಲಿಗೆ ಮಾತು ಬಂದಾಗ ನಾನು ತಡವರಿಸಿದೆ. “ಪರವಾಗಿಲ್ಲ ಅಕ್ಕ, ಕನ್ನಡದಲ್ಲೇ ಹೇಳಿ, ಆಮೇಲೆ ಇಬ್ಬರೂ ಸೇರಿ ಇಂಗ್ಲಿಷ್ ಮಾಡೋಣ” ಎಂದಳು. ಇಂಗ್ಲಿಷ್ ಕಲಿಯಲು ಬಂದವರಿಂದ ಉತ್ತರ ಹೊರಡಿಸಲು ಕನ್ನಡಕ್ಕೆ ಇಳಿದಳೆಂದರೆ ಅವಳಿಗೆ ಬೇಕಾದದ್ದು ಅಭ್ಯಾಸವಲ್ಲ, ಉತ್ತರ. ನಾನು ಮಾತು ಬದಲಿಸಿದೆ. ಅವಳು ನೀರು ಕುಡಿಯಲು ಎದ್ದಾಗ ತೆರೆದಿದ್ದ ನೋಟ್‌ಬುಕ್ ಕಣ್ಣಿಗೆ ಬಿತ್ತು. ನನ್ನ ಹೆಸರಿನ ಕೆಳಗೆ ಬಾಡಿಗೆಯ ಮೊತ್ತ, ‘ಗಂಡ ಮಸ್ಕತ್’, ‘ಬ್ಯಾಂಕ್ ಕೇಳಬೇಕು’ ಎಂದಿತ್ತು. ಮೇಲಿನ ಪುಟದಲ್ಲಿ ನಮ್ಮದೇ ಬ್ಯಾಚಿನ ಬೇರೆ ಹೆಸರುಗಳು, ಅವುಗಳ ಕೆಳಗೂ ಹೀಗೆಯೇ ಅಂಕಿಗಳು. ವ್ಯಾಕರಣದ ಒಂದು ಸಾಲೂ ಆ ಪುಟಗಳಲ್ಲಿರಲಿಲ್ಲ.

ಆ ಹೆಸರುಗಳಲ್ಲಿ ಒಂದು ಕುಂದಾಪುರ ಕಡೆಯ ಹುಡುಗನದು. ಘಾಟ್‌ಕೋಪರ್‌ನ ಹೋಟೆಲಿನಲ್ಲಿ ಬಿಲ್ ಕೌಂಟರಿಗೆ ಬಡ್ತಿ ಸಿಗಲಿ ಎಂದು ಸೇರಿದ್ದ. ನನ್ನ ಜೊತೆಗಾರ್ತಿಯೇ ಅವನನ್ನು ಭಾನುವಾರ ಠಾಣೆಯ ಸಭಾಂಗಣವೊಂದಕ್ಕೆ ವ್ಯಕ್ತಿತ್ವ ವಿಕಸನದ ಕಾರ್ಯಕ್ರಮವೆಂದು ಕರೆದುಕೊಂಡು ಹೋಗಿದ್ದಳು. ಇಪ್ಪತ್ತೈದು ಸಾವಿರ ಕಟ್ಟಿಸಿಕೊಂಡು ಶಾಂಪೂ, ಪುಡಿ ಡಬ್ಬಿಗಳ ಪೆಟ್ಟಿಗೆ ಕೊಟ್ಟರು. ಇನ್ನಿಬ್ಬರನ್ನು ಸೇರಿಸಿದರೆ ಮಾತ್ರ ಅವನಿಗೆ ಹಣ. ಮಳೆಗಾಲಕ್ಕೆ ಮುಂಚೆ ಊರಿನ ಮನೆಯ ಮಾಡಿಗೆ ಹಂಚು ಹಾಕಿಸಲು ಕೂಡಿಟ್ಟಿದ್ದ ದುಡ್ಡು ಅದು. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯರಿರುವ ಈ ಮುಂಬೈಯಲ್ಲಿ, ಹಾಗೆಯೇ ಕಲಿಯಲು ಬಂದ ಹುಡುಗನಿಗೆ ಹೀಗೆ ಮಾಡಿದರಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ತರಗತಿಯವರನ್ನು ವಿಚಾರಿಸಲು ಹೋದರೆ, ವಿದ್ಯಾರ್ಥಿಗಳು ಹೊರಗೆ ಮಾಡುವ ವ್ಯವಹಾರ ತಮಗೆ ಸಂಬಂಧಿಸಿದ್ದಲ್ಲ ಎಂದರು. ಜೋಡಿ ಮಾಡಿದ ಚೀಟಿ ಅವರ ಮೇಜಿನಿಂದಲೇ ಬಂದಿತ್ತು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟು: ಅಭ್ಯಾಸಕ್ಕೆ ಉತ್ತರ ಬೇಕು, ನಿಜವಾದ ಉತ್ತರವೇ ಬೇಕಾಗಿಲ್ಲ. ‘ವಾಟ್ ಡು ಯು ಡು’ ಎಂದರೆ ಮಂಗಳೂರಿನಲ್ಲಿ ದಂತವೈದ್ಯೆ ಎನ್ನಿ. ನಾಲ್ಕು ಮಕ್ಕಳಿದ್ದಾರೆ ಎನ್ನಿ. ವಾಕ್ಯ ಸರಿಯಿದ್ದರೆ ಸಾಕು. ಸಂಬಳ, ವಯಸ್ಸು, ಮದುವೆ ಆಗಿದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳುವುದು ಇಂಗ್ಲಿಷ್ ಮಾತೃಭಾಷೆಯವರಲ್ಲಿ ಸಾಮಾನ್ಯವಾಗಿ ಮರ್ಯಾದೆಯಲ್ಲ. ಹವಾಮಾನ, ಪ್ರಯಾಣ, ವಾರಾಂತ್ಯ ಹೀಗೆ ಅವರ ಮಾತು ಸಾಗುತ್ತದೆ. ಆದ್ದರಿಂದ ಅಂಥ ಪ್ರಶ್ನೆಗಳನ್ನೇ ತುಂಬಿದ ಹಾಳೆ ಕೊಡುವ ತರಗತಿ ಭಾಷೆಯನ್ನೂ ಸರಿಯಾಗಿ ಕಲಿಸುತ್ತಿಲ್ಲ. ಒಳ್ಳೆಯ ಕಡೆ ಒಬ್ಬರ ಕೈಯಲ್ಲಿ ರೈಲಿನ ವೇಳಾಪಟ್ಟಿ, ಇನ್ನೊಬ್ಬರ ಕೈಯಲ್ಲಿ ಖಾಲಿ ಪಟ್ಟಿ ಕೊಡುತ್ತಾರೆ. ಕಲ್ಯಾಣ್ ನಿಲ್ದಾಣಕ್ಕೆ ಮುಂದಿನ ಗಾಡಿ ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರ್ಮು ಎಂದು ಕೇಳಿ ಕೇಳಿಯೇ ತುಂಬಬೇಕು. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ, ಮನೆಯ ಸುದ್ದಿಯೂ ಬೇಕಾಗುವುದಿಲ್ಲ.

ಮೂರು ತಿಂಗಳಲ್ಲಿ ಸರಾಗ ಇಂಗ್ಲಿಷ್ ಎಂಬ ಫಲಕವನ್ನೂ ನಂಬಬೇಡಿ. ಯುರೋಪಿನ ಮಟ್ಟಗಳ ಲೆಕ್ಕದಲ್ಲಿ, ಸೊನ್ನೆಯಿಂದ ಎ2, ಅಂದರೆ ದಿನನಿತ್ಯದ ಸರಳ ಮಾತಿನ ಮಟ್ಟ ತಲುಪಲು ಸುಮಾರು 180ರಿಂದ 200 ಗಂಟೆ, ಅದರ ಮುಂದಿನ ಮಟ್ಟವಾದ ಬಿ1ಕ್ಕೆ 350ರಿಂದ 400 ಗಂಟೆ ಪಾಠ ಬೇಕೆಂದು ಕೇಂಬ್ರಿಜ್‌ನ ಪರೀಕ್ಷಾ ವಿಭಾಗವೇ ಹೇಳುತ್ತದೆ. ವಾರಕ್ಕೆ ಐದು ಗಂಟೆಯಂತೆ ಮೂರು ತಿಂಗಳಿಗೆ ಅರವತ್ತು ಚಿಲ್ಲರೆ ಗಂಟೆ ಆಗುತ್ತದೆ.

ಸೇರುವ ಮೊದಲು ಡೆಮೊ ತರಗತಿ ನೋಡಿದರೆ ಸಾಲದು, ನಡೆಯುತ್ತಿರುವ ಬ್ಯಾಚಿನಲ್ಲಿ ಅರ್ಧ ಗಂಟೆ ಕೂರಲು ಕೇಳಿ. ಬೇಡವೆಂದರೆ ಅಲ್ಲಿಂದ ಎದ್ದು ಬನ್ನಿ. ಮೊಬೈಲ್ ಸಂಖ್ಯೆಯನ್ನು ಎಲ್ಲರ ವಾಟ್ಸಾಪ್ ಗುಂಪಿಗೆ ಸೇರಿಸಬಾರದೆಂದು ಮೊದಲೇ ಹೇಳಿ. ನಮ್ಮ ಬ್ಯಾಚಿನ ಹೆಣ್ಣುಮಕ್ಕಳಿಗೆ ರಾತ್ರಿ ಹೊತ್ತು ‘ಅಭ್ಯಾಸ ಮಾಡೋಣವೇ’ ಎಂಬ ಕರೆಗಳು ಬಂದವು. ಜೊತೆಗಾರರನ್ನು ಬದಲಿಸಿ ಎಂದು ಕೇಳಲು ಸಂಕೋಚ ಬೇಡ, ಶುಲ್ಕ ಕಟ್ಟಿದ್ದೀರಿ.

ಹಣ ಕೊಟ್ಟಾಗಿದ್ದರೂ ಸುಮ್ಮನಿರಬೇಡಿ. ಜನರನ್ನು ಸೇರಿಸಿದ್ದಕ್ಕೆ ಹಣ ಕೊಡುತ್ತೇವೆನ್ನುವ ‘ಹಣ ಚಲಾವಣೆ’ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆ 1978ರಿಂದಲೇ ಇದೆ. ನೇರ ಮಾರಾಟದ 2021ರ ನಿಯಮಗಳು ಪಿರಮಿಡ್ ಯೋಜನೆಗಳನ್ನು, ಅಂದರೆ ಇಂಥ ಸರಪಳಿ ವ್ಯಾಪಾರವನ್ನು, ಸ್ಪಷ್ಟವಾಗಿ ನಿಷೇಧಿಸುತ್ತವೆ. ರಸೀದಿ, ಹಣ ಕಳಿಸಿದ ಯುಪಿಐ ದಾಖಲೆ, ಸಂದೇಶಗಳ ಚಿತ್ರ ಯಾವುದನ್ನೂ ಅಳಿಸಬೇಡಿ. ಕುಂದಾಪುರದ ಹುಡುಗ ಅಳಿಸದೆ ಉಳಿಸಿಕೊಂಡಿದ್ದರಿಂದಲೇ ಪೊಲೀಸ್ ಠಾಣೆಯಲ್ಲಿ ದೂರು ಕೊಡಲು ಸಾಧ್ಯವಾಯಿತು, ನನ್ನ ಹೇಳಿಕೆಯನ್ನೂ ಜೊತೆಗೆ ಕೊಟ್ಟಿದ್ದೇನೆ. ಶುಲ್ಕದ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.